ಎಂಬತ್ತು ಗ್ರಾಂ

ಜೂನ್ ೧೪, ಭಾನುವಾರ

ಪ್ರೀತಿಯ ಕಡ್ಡಿ,

ನಿನ್ನ ಕಾಗದ ಬಂದು ಎರಡು ತಿಂಗಳಾಯಿತು. ಎಡಗೈಯಲ್ಲಿ ಬರೆದ ಕಾಗದ, ಅಕ್ಷರಗಳೆಲ್ಲ ಒಂದರ ಮೇಲೊಂದು ಬಿದ್ದಿದ್ದವು. ಅಷ್ಟು ಕಷ್ಟಪಟ್ಟು ಬರೆದವಳಿಗೆ, ಎರಡೂ ಕೈ ನೆಟ್ಟಗಿರುವ ನಾನು ಇಷ್ಟು ದಿನ ಉತ್ತರಿಸಲಿಲ್ಲ. ನಿನಗೆ ಬೈಯುವ ಶ್ರಮ ಬೇಡ, ಅಮ್ಮ ಆಗಲೇ ಬೈದಾಯಿತು. "ಚಿಕ್ಕವಳಿಗೆ ಮೊಣಕೈ ಕೀಲು ತಪ್ಪಿದೆ, ಸರಿ. ದೊಡ್ಡವಳಿಗೆ ಏನು ತಪ್ಪಿರೋದು? ನಾಲ್ಕು ಸಾಲು ಗೀಚೋಕಾಗಲ್ವಾ?"

ಕೈ ಹೇಗಿದೆ? ಪಟ್ಟಿ ಬಿಚ್ಚಿದರೇ? ಬಾಚಣಿಗೆ ಹಿಡಿಯಲು ಬರುತ್ತದೆಯೇ? ಇನ್ನು ಭಾರ ಎತ್ತುವಂತಿಲ್ಲ ಎಂದು ಡಾಕ್ಟರು ಹೇಳಿದ್ದನ್ನು ಒಂದೇ ಸಾಲಿನಲ್ಲಿ ಬರೆದು ಮುಗಿಸಿದ್ದೀಯ. ಅಮ್ಮನಿಗೆ ಕಾಗದ ಓದಿ ಹೇಳುವಾಗ ಆ ಸಾಲನ್ನು ದಾಟಿಸಿಬಿಟ್ಟೆ.

ನನ್ನದು ಇದ್ದದ್ದೇ. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ನನ್ನನ್ನು ಮೇಲ್ವಿಚಾರಕಿ ಮಾಡಿದ್ದಾರೆ. ಹೆಸರಿಗಷ್ಟೆ. ಒದ್ದೆ ಹೊದಿಕೆಗಳ ಗಂಟು ಎತ್ತಬೇಕಾದಾಗ ಎಲ್ಲರಿಗೂ ನಾನೇ ನೆನಪಾಗುತ್ತೇನೆ. ಪಾದ ಅಗಲಿಸಿ, ಬೆನ್ನು ನೆಟ್ಟಗಿಟ್ಟು, ಉಸಿರು ಕಟ್ಟಿ ಎತ್ತುತ್ತೇನೆ. ಮೊನ್ನೆ ಹೊಸಬಳೊಬ್ಬಳು, "ಏನಕ್ಕಾ, ಬಟ್ಟೆ ಗಂಟು ಎತ್ತೋಕೂ ಫೋಟೋಗೆ ನಿಂತ ಹಾಗೆ ನಿಂತ್ಕೋತೀರಲ್ಲ!" ಎಂದು ನಕ್ಕಳು. ನಾನೂ ನಕ್ಕೆ. ಅವಳಿಗೇನು ಗೊತ್ತು.

"ಹನ್ನೊಂದು ವರ್ಷದಲ್ಲಿ ಒಂದು ಸಲವಾದರೂ ನನ್ನ ವೇಟ್‌ಲಿಫ್ಟಿಂಗ್ ಸ್ಪರ್ಧೆ ನೋಡಲು ಯಾಕೆ ಬರಲಿಲ್ಲ ಅಕ್ಕ?" ಎಂದು ಕೇಳಿದ್ದೀಯ. ನೀನು ಮೊದಲ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಹದಿನಾಲ್ಕನೆಯವಳಾಗಿ ಫೋನಿನಲ್ಲಿ ಬಿಕ್ಕಿ ಬಿಕ್ಕಿ ಅತ್ತಾಗ ನಾನಿಲ್ಲಿಂದಲೇ ಸಮಾಧಾನ ಹೇಳಿದೆ. ನಾಲ್ಕನೆಯ ವರ್ಷ ಆರನೆಯವಳಾದೆ. ಏಳನೆಯ ವರ್ಷ ಕಂಚು ಬಂತು, ಅಮ್ಮ ಬೀದಿಯವರಿಗೆಲ್ಲ ಸಿಹಿ ಹಂಚಿದಳು. ಪ್ರತಿ ಸಲವೂ "ಬಾ ಅಕ್ಕ" ಎಂದು ಕರೆದೆ. ಒಮ್ಮೆ ರಜೆ ಸಿಗಲಿಲ್ಲ, ಒಮ್ಮೆ ಅಮ್ಮನ ಮಂಡಿನೋವು, ಒಮ್ಮೆ ನನಗೇ ಜ್ವರ. ಜ್ವರ ಸುಳ್ಳು.

ಕಾರಣ ಹೇಳಬೇಕೆಂದರೆ ಆ ಆಯ್ಕೆ ಸ್ಪರ್ಧೆಯ ದಿನಕ್ಕೇ ಹೋಗಬೇಕು. ನಮ್ಮ ಕೋಚ್ ಸರ್ ಬಸ್ಸಿನಲ್ಲೇ ತಮಾಷೆ ಮಾಡಿದ್ದರು: "ಒಂದೇ ಮನೆ, ಒಂದೇ ತೂಕ, ತಂಡದಲ್ಲಿರೋದು ಒಂದೇ ಜಾಗ. ಅಕ್ಕತಂಗಿ ನೀವೇ ಬಡಿದಾಡ್ಕೊಳ್ಳಿ!" ಅಭ್ಯಾಸದಲ್ಲಿ ನಾನು ನಿನಗಿಂತ ಆರು ಕಿಲೋ ಹೆಚ್ಚು ಎತ್ತುತ್ತಿದ್ದೆ. ಜಾಗ ಯಾರದೆಂದು ನಮಗೆಲ್ಲ ಗೊತ್ತಿತ್ತು. ನಮ್ಮ ವರ್ಗದ ಮಿತಿ ನಲವತ್ತೆಂಟು ಕಿಲೋ. ಬೆಳಿಗ್ಗೆ ನಾವಿಳಿದಿದ್ದ ಕೋಣೆಯ ತೂಕದ ಮಷೀನಿನಲ್ಲಿ ನಾನು ನಲವತ್ತೇಳು ಕಿಲೋ ಒಂಬೈನೂರು ಗ್ರಾಂ. ನೆಮ್ಮದಿಯಾಗಿ ಹೋದೆ. ಅಲ್ಲಿ ಅಧಿಕಾರಿಗಳ ಮುಂದೆ ಹತ್ತಿದರೆ ನಲವತ್ತೆಂಟು ಮುನ್ನೂರೈವತ್ತು!

ತೂಕ ಇಳಿಸಲು ಕೊಡುವುದು ಒಂದೇ ಗಂಟೆ. ಪ್ಲಾಸ್ಟಿಕ್ ಕೋಟು ಹಾಕಿಕೊಂಡು ಮೆಟ್ಟಿಲು ಹತ್ತಿ ಇಳಿದೆ. ಬಾಯಲ್ಲಿ ಉಗುಳೂ ಹುಟ್ಟದಷ್ಟು ಉಗುಳಿದೆ. ಕೊನೆಗೆ ಜಡೆ ಕತ್ತರಿಸು ಎಂದೆ. ಮೊಂಡು ಕತ್ತರಿ. ನೀನು ಅಳುತ್ತಲೇ ಕತ್ತರಿಸಿದೆ. ಆದರೂ ನಲವತ್ತೆಂಟರ ಮೇಲೆ ಎಂಬತ್ತು ಗ್ರಾಂ ಉಳಿಯಿತು. "ಟೈಮ್ ಆಯ್ತಮ್ಮ" ಎಂದು ತೂಕ ಬರೆದುಕೊಳ್ಳುವ ಅಧಿಕಾರಿ ಹೆಂಗಸು ಪುಸ್ತಕ ಮುಚ್ಚಿದಳು.

ಸರ್ ಎಲ್ಲರೆದುರು, "ಒಂದು ದಿನ ಬಾಯಿ ಕಟ್ಟೋಕಾಗ್ಲಿಲ್ವಾ ನಿನಗೆ?" ಎಂದರು. ಹಿಂದಿನ ಮಧ್ಯಾಹ್ನದಿಂದ ಒಂದು ಗುಟುಕು ನೀರೂ ಕುಡಿದಿರಲಿಲ್ಲ ನಾನು. ಯಾರೂ ನಂಬಲಿಲ್ಲ. ಅಮ್ಮ ಈಗಲೂ ನಾನು ಎರಡನೇ ಸಲ ಬಡಿಸಿಕೊಂಡರೆ, "ಆವತ್ತೂ ಹೀಗೇ ತಿಂದಿರ್ತೀಯ" ಅನ್ನುತ್ತಾಳೆ. ಮತ್ತೆ ಬಾರ್ ಮುಟ್ಟಲು ನನಗೆ ಮನಸ್ಸಾಗಲಿಲ್ಲ. ಟಿವಿಯಲ್ಲಿ ಆ ವೇದಿಕೆ ಕಂಡರೂ ಎದ್ದು ಹೋಗುತ್ತೇನೆ. ಅದಕ್ಕೇ ಬರಲಿಲ್ಲ, ಅಷ್ಟೆ.

ನೀನೀಗ ಇಲ್ಲಿಗೆ ಬಾ. ಅಮ್ಮ ಕಿಟಕಿ ಪಕ್ಕದ ಮಂಚ ಖಾಲಿ ಮಾಡಿಸಿದ್ದಾಳೆ. ತಲೆ ಬಾಚಲು, ಗುಂಡಿ ಹಾಕಲು ನಾನಿದ್ದೇನೆ. ನಿನ್ನ ಕೈಗೆ ಬೇಗ ಬಲ ಬರಲಿ, ಕಣ್ತುಂಬ ನಿದ್ದೆ ಬರಲಿ, ಇನ್ನಾದರೂ ಹೊಟ್ಟೆ ತುಂಬ ಉಣ್ಣುವಂತಾಗಲಿ.

ಇಂತಿ ನಿನ್ನ
ಅಕ್ಕ

ವಿ.ಸೂ.: ಲಕೋಟೆ ಅಂಟಿಸಿದ್ದವಳು ಮತ್ತೆ ಹರಿದೆ. ಮೇಲೆ ಬರೆದದ್ದು ಅರ್ಧ ಮಾತ್ರ.

ಆ ದಿನ ನೀನು ಗೆದ್ದ ಮೇಲೆ ನಾನು ಬಟ್ಟೆ ತುಂಬಿಕೊಳ್ಳಲು ಕೋಣೆಗೆ ಹೋದೆ. ನೀನು ತೂಕ ಬರೆದಿಡುವ ಪುಸ್ತಕ ಮಂಚದ ಮೇಲಿತ್ತು. ಆ ವಾರ ದಿನಕ್ಕೆ ಎರಡೆರಡು ಅಂಕಿ ಬರೆದಿದ್ದೆ. ಒಂದು ಕೋಣೆಯ ಮಷೀನಿನದು, ಇನ್ನೊಂದು ಸ್ಪರ್ಧೆಯ ಮಷೀನಿನದು. ದಿನವೂ ಅದೇ ನಾನೂರೈವತ್ತು ಗ್ರಾಂ ವ್ಯತ್ಯಾಸ. ಬೆಳಿಗ್ಗೆ ನಾನು ನಿನ್ನನ್ನು ಕೇಳಿದ್ದೆ, "ಅಲ್ಲಿಗೂ ಹೋಗಿ ಒಂದ್ಸಲ ನೋಡ್ಕೊಂಡ್ ಬರ್ಲೇನೇ?" ಎಂದು. "ಯಾಕಕ್ಕ, ಇದು ಸರಿಯಾಗೇ ಇದೆ. ಸುಮ್ನೆ ಮಲಕ್ಕೋ" ಅಂದಿದ್ದೆ ನೀನು. ನಿನಗಾಗ ಹತ್ತೊಂಬತ್ತು. ಪುಸ್ತಕ ಮುಚ್ಚಿಟ್ಟೆ. ಯಾರಿಗೂ ಹೇಳಲಿಲ್ಲ. ಜೀರ್ಣವಾಯಿತು ಅಂದುಕೊಂಡೆ.

ಈ ಏಪ್ರಿಲ್‌ನಲ್ಲಿ ಅಮ್ಮ ಬಲವಂತ ಮಾಡಿ ಟಿವಿ ಮುಂದೆ ಕೂರಿಸಿದಳು. ಎಂಬತ್ತನಾಲ್ಕು ಕಿಲೋ ನಿನ್ನ ತಲೆಯ ಮೇಲೆ ಹೋಗಿ, ಮೊಣಕೈ ಹಿಂದಕ್ಕೆ ತಿರುಗಿತು. ಅಮ್ಮ ಚೀರಿದಳು. ನಾನು ಚೀರಲಿಲ್ಲ. ಒಂದು ಕ್ಷಣ, ಕಡ್ಡಿ, ಒಂದೇ ಒಂದು ಕ್ಷಣ ನನಗೆ ಹಿತವಾಯಿತು. ಆಮೇಲೆ ಬಚ್ಚಲಿಗೆ ಓಡಿ ವಾಂತಿ ಮಾಡಿಕೊಂಡೆ.

ಎರಡು ತಿಂಗಳು ಬರೆಯದಿದ್ದದ್ದು ನೀನು ಮಾಡಿದ್ದಕ್ಕಲ್ಲ, ಇದಕ್ಕೆ. ಹನ್ನೊಂದು ವರ್ಷ ಬರದಿದ್ದದ್ದೂ ನನ್ನೊಳಗೆ ಇಂಥದ್ದೊಂದು ಕೂತಿದೆ ಎಂಬ ಹೆದರಿಕೆಗೇ. ಓದಿದ ಮೇಲೂ ಬರಬೇಕೆನಿಸಿದರೆ ಬಾ. ಅನಿಸದಿದ್ದರೆ ಅಮ್ಮನಿಗೆ ನಾನೇ ಏನಾದರೂ ಹೇಳುತ್ತೇನೆ.