ಎರಡೂ ಎಡತೋಳು

ಸೋಮವಾರ, ಬೆಳಿಗ್ಗೆ ಆರು ಗಂಟೆ

ಪ್ರೀತಿಯ ಅಮ್ಮಾ,

ಮೊಣಕಾಲು ನೋವು ಹೇಗಿದೆ? ಇದೆ, ಎಲ್ಲಿಗೆ ಹೋಗುತ್ತೆ ಅಂತೀಯ, ಗೊತ್ತು. ಇಲ್ಲಿ ಕಾರ್ಖಾನೆಯಲ್ಲಿ ನನ್ನನ್ನು ಬಟ್ಟೆ ಕತ್ತರಿಸುವ ವಿಭಾಗದ ಮುಖ್ಯಸ್ಥೆ ಮಾಡುವ ಮಾತು ನಡೆದಿದೆ. ಅದಕ್ಕೆಂದೇ ಶನಿವಾರ ತರಬೇತಿಗೆ ಕಳಿಸಿದ್ದರು.

ಮೇಷ್ಟ್ರು ಒಂದು ಹಾಳೆ ಹಂಚಿದರು. ತಮ್ಮೊಳಗಿನದನ್ನೆಲ್ಲ ಅರಳಿಸಿಕೊಂಡು ಬದುಕುವವರನ್ನು ಗುರುತಿಸುವುದು ಹೇಗೆ ಅಂತ. ಅಂಥವರು ಇದ್ದದ್ದನ್ನು ಇದ್ದ ಹಾಗೇ ನೋಡುತ್ತಾರಂತೆ, ಹೊಗಳಿಕೆಗೆ ಕಾಯುವುದಿಲ್ಲವಂತೆ, ತಮ್ಮನ್ನು ನೋಡಿ ತಾವೇ ನಗಬಲ್ಲರಂತೆ. ಗೊತ್ತಿರುವ ಒಬ್ಬರನ್ನು ಬರೆಯಿರಿ ಎಂದರು. ಪಕ್ಕದವಳು ಯಾರೋ ವಿಜ್ಞಾನಿಯನ್ನು ಬರೆದಳು. ನನ್ನ ಕಣ್ಣ ಮುಂದೆ ಬಂದವಳು ನೀನು, ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡು. ಆದರೂ ಬರೆಯಲಾಗದೆ ಹಾಳೆ ಮಡಚಿ ಚೀಲಕ್ಕಿಟ್ಟೆ.

ಹೆಡ್‌ಮಾಸ್ತರರ ಅಂಗಿಗೆ ಎರಡೂ ಎಡತೋಳೇ ಕತ್ತರಿಸಿದ್ದೆಯಲ್ಲ, ನೆನಪಿದೆಯಾ? ಅವರು ಬಂದಾಗ ನಿನ್ನ ಹೊಲಿಗೆ ಅಂಗಡಿ ತುಂಬ ಜನ. ನೋಡ್ದೆ ಕತ್ತರಿ ಹಾಕಿದ್ದು ನಾನು ಸರ್, ಹೊಸ ಬಟ್ಟೆ ತಂದಿದೀನಿ, ಗುರುವಾರ ಕೊಡ್ತೀನಿ ಅಂದೆ ನೀನು. ಅಷ್ಟೇ. ಆಮೇಲೆ ಆ ತೋಳುಗಳನ್ನು ಮೇಜಿನ ಮೇಲಿನ ಮೊಳೆಗೆ ತಗುಲಿಸಿ, ಎರಡೂ ಎಡಗೈ ಇರೋ ಗಿರಾಕಿ ಬಂದ್ರೆ ಹೊಲಿದು ಕೊಡೋಣ ಅಂತ ನಕ್ಕೆ. ಹತ್ತು ವರ್ಷದ ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ.

ಈಗ ನನ್ನ ವಿಷಯ. ಕಳೆದ ಬುಧವಾರ ನರ್ಸುಗಳ ಅಂಗಿಗೆ ತೋಳು ಕತ್ತರಿಸಿದೆವು. ನೂರಿಪ್ಪತ್ತು ಪದರ, ಎಲ್ಲವೂ ಬಲತೋಳು. ಬಟ್ಟೆಯನ್ನು ತಪ್ಪು ಮಗ್ಗುಲಿಗೆ ಹಾಸಿದ್ದೇ ಕಾರಣ ಎಂದು ಮ್ಯಾನೇಜರ್ ತೀರ್ಮಾನಿಸಿದರು. ಹಾಸಿದವರು ನಾವೆಲ್ಲ ದೊಡ್ಡಕ್ಕ ಅನ್ನುವ ಹಿರಿಯ ಕೆಲಸಗಾರ್ತಿ. ನಾನು ಸೇರಿದ ದಿನ, ಯಂತ್ರಕ್ಕೆ ಬೆರಳು ಕೊಡದ ಹಾಗೆ ನಿಲ್ಲುವುದನ್ನು ಕಲಿಸಿದ ದೊಡ್ಡಕ್ಕ. ಇವತ್ತು ಹತ್ತು ಗಂಟೆಗೆ ಅವರನ್ನು ಕೆಲಸದಿಂದ ತೆಗೆಯುತ್ತಾರೆ. ಅಮ್ಮಾ, ತೋಳಿನ ರಟ್ಟಿನ ಅಚ್ಚನ್ನು ಮಗುಚದೆ, ಎರಡು ಸಲವೂ ಒಂದೇ ಮಗ್ಗುಲಲ್ಲಿಟ್ಟು ಗೆರೆ ಎಳೆದವಳು ನಾನು. ಇಲ್ಲಿಯವರೆಗೆ ಬಾಯಿ ಬಿಟ್ಟಿಲ್ಲ. ತಪ್ಪು ಒಪ್ಪಿಕೊಳ್ಳುವ ಗುಣ ಅಂತ ಮೇಷ್ಟ್ರು ಓದಿದಾಗ ನನ್ನದು ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಸ್ಥಿತಿ.

ನಿರ್ಧಾರ ಮಾಡಿದ್ದೇನೆ. ಒಂಬತ್ತಕ್ಕೇ ಮ್ಯಾನೇಜರ್ ಬಾಗಿಲಲ್ಲಿರುತ್ತೇನೆ. ಮುಖ್ಯಸ್ಥೆಯ ಪಟ್ಟ ಹೋದರೆ ಹೋಗಲಿ. ಕೆಲಸವೇ ಹೋದರೆ ನಿನ್ನ ಮೇಜಿನ ಆಚೆ ನನಗೊಂದು ಸ್ಟೂಲು ಹಾಕು. ದೊಡ್ಡಕ್ಕನಿಗೂ ನಾನೇ ಹೇಳುತ್ತೇನೆ, ಬೈದರೆ ಬೈಸಿಕೊಳ್ಳುತ್ತೇನೆ. ಹೆದರಿಕೆ ಇದೆ, ಸುಳ್ಳೇಕೆ ಹೇಳಲಿ. ಇದನ್ನು ಹೋಗುವ ದಾರಿಯಲ್ಲೇ ಅಂಚೆಪೆಟ್ಟಿಗೆಗೆ ಹಾಕುತ್ತೇನೆ, ನಿನಗೆ ಬರೆದಮೇಲೆ ಹಿಂದೆ ಸರಿಯುವ ಹಾಗಿಲ್ಲ. ತರಬೇತಿಯ ಆ ಹಾಳೆಯಲ್ಲೂ ಈಗ ‘ನಮ್ಮಮ್ಮ’ ಅಂತ ಬರೆದಿದ್ದೇನೆ.

ನಿನ್ನ
ಚೂಟಿ

ಮರೆತ ಮಾತು: ಮರೆತದ್ದಲ್ಲ, ಧೈರ್ಯ ಸಾಲದೆ ಉಳಿದದ್ದು. ಹೆಡ್‌ಮಾಸ್ತರರ ಅಂಗಿ ಕತ್ತರಿಸಿದ ದಿನ ನೀನು ಒಂದು ತೋಳಿಗೆ ಗೆರೆ ಎಳೆದು, ಅಚ್ಚನ್ನು ಮಗುಚಿಟ್ಟು, ನೀರು ಕುಡಿಯಲು ಒಳಗೆ ಹೋಗಿದ್ದೆ. ಆಟಕ್ಕೆ ಅದನ್ನು ಮತ್ತೆ ಮಗುಚಿದವಳು ನಾನು. ನಿನಗೆ ಗೊತ್ತೇ ಇಲ್ಲ ಅಂತ ಇಷ್ಟು ವರ್ಷ ನಂಬಿದ್ದೆ. ಆದರೆ ಈಗ ನೆನಪಾಗುತ್ತಿದೆ, ಮರುದಿನವೇ ನೀನು ನನ್ನ ಕೈಗೆ ಪೆನ್ನು ಕೊಟ್ಟು, ಎಲ್ಲ ಅಚ್ಚುಗಳ ಮೇಲ್ಮುಖಕ್ಕೂ ಒಂದೊಂದು ಗುರುತು ಹಾಕಮ್ಮ ಅಂದಿದ್ದೆ. ಯಾಕೆ ಅಂತ ನೀನು ಹೇಳಲಿಲ್ಲ, ನಾನೂ ಕೇಳಲಿಲ್ಲ.