ಬೋರಣ್ಣನ ಅವ್ವ ಹೇಳಿದ ಪದ

ಗೆಳೆಯ ಪುಟ್ಟಸ್ವಾಮಿ,

ಮೊದಲು ನಿನ್ನನ್ನು ಬೈದುಬಿಡುತ್ತೇನೆ, ಕ್ಷೇಮಸಮಾಚಾರ ಆಮೇಲೆ. ಸತ್ತವರನ್ನು ಬೈಯಬಾರದು ಅನ್ನುವವರು ನಿನ್ನೆದುರು ಒಂದೇ ಟೇಬಲ್ಲಿಗೆ ಕೂತು ಅಷ್ಟು ವರ್ಷ ಕೆಲಸ ಮಾಡಿ ನೋಡಲಿ. ಸೋಮವಾರ ಬೇಗ ಬಾ, ಕೆಲಸಕ್ಕೆ ಹೋಗ್ತಾ ಶ್ರೀರಂಗಪಟ್ಟಣದಲ್ಲಿ ತಿಂಡಿ ತಿನ್ನೋಣ ಅಂದವನು ನೀನು. ಭಾನುವಾರವೇ ಎದೆ ಹಿಡಿದುಕೊಂಡು... ಹೋಗಲಿ ಬಿಡು. ನಿನ್ನ ಜಾಗಕ್ಕೆ ಇನ್ನೂ ಯಾರನ್ನೂ ಹಾಕಿಲ್ಲ. ಕುರ್ಚಿಯ ಮೇಲೆ ಪ್ರಿಂಟರ್ ಕಾಗದದ ಕಟ್ಟು ಇಟ್ಟಿದ್ದಾರೆ. ನಿನ್ನ ಕೆಲಸವೆಲ್ಲ ನನ್ನ ತಲೆಗೆ ಬಂದಿದೆ.

ಕೆ.ಆರ್. ಪೇಟೆಯ ನಮ್ಮನೆಗೆ ನೀನು ಊಟಕ್ಕೆ ಬಂದಿದ್ದ ದಿನ ನೆನಪಾಗುತ್ತಿದೆ. ನಮ್ಮವ್ವ ಕೇಳಿದ್ದಳು, "ಪುಸ್ತುಕ ಕೊಡೋ ಕೆಲ್ಸ ಓಗಿ ಇನ್ನೇನೋ ಬಂದದಂತಲ್ಲಪ್ಪ, ಅದೇನದು?" ನಾನು ಮೆಟಾಡೇಟಾ ಎಂದು ಬಾಯಿ ತೆರೆಯುವಷ್ಟರಲ್ಲಿ ನೀನು ಮುದ್ದೆ ಮುರಿಯುತ್ತಾ ಹೇಳಿಬಿಟ್ಟೆ: "ಡಬ್ಬದ ಮ್ಯಾಲೆ ಚೀಟಿ ಅಂಟುಸೋ ಕೆಲ್ಸ ಕಣವ್ವ. ಒಳ್ಗಿರೋದು ಕಡ್ಲೆಬ್ಯಾಳೆನೋ ತೊಗ್ರಿಬ್ಯಾಳೆನೋ, ಯಾರ್ ಕೊಟ್ರು, ಯಾವೂರ್ದು, ಅಷ್ಟೇಯ." ಅವ್ವ ನನ್ನ ಕಡೆ ನೋಡಿ, "ಅದ್ಕೂ ಸಂಬ್ಳ ಕೊಟ್ಟಾರಾ?" ಎಂದಳು. ಆ ಮಾತು ಹಿಡಿದುಕೊಂಡು ನನ್ನನ್ನು ಎಷ್ಟು ದಿನ ರೇಗಿಸಿದೆಯೋ ಲೆಕ್ಕವಿಲ್ಲ. ಈಗ ಮೇಲಿನವರೂ ಅದನ್ನೇ ಕೇಳುತ್ತಿದ್ದಾರೆ, ಆದರೆ ಅವರು ನಗುತ್ತಿಲ್ಲ.

ನಾವು ಯೂನಿವರ್ಸಿಟಿ ಲೈಬ್ರರಿಗೆ ಸೇರಿದಾಗ ಕಾರ್ಡುಗಳ ಕಾಲ. ಪುಸ್ತಕ ಬರುತ್ತಿತ್ತು, ಬರೆದವರ ಹೆಸರು ಮುಖಪುಟದ ಮೇಲೇ ಇರುತ್ತಿತ್ತು, ಕಾರ್ಡು ಬರೆದು ಡ್ರಾಯರಿಗೆ ಸೇರಿಸಿದರೆ ಮುಗಿಯಿತು. ಆಮೇಲೆ ಕಂಪ್ಯೂಟರು ಬಂತು. ಆಮೇಲೆ ಸಂಶೋಧಕರು ಮಣ್ಣಿನ ಪರೀಕ್ಷೆಯ ಅಂಕಿಅಂಶ, ಹಾಲಿನ ಡೈರಿಯ ಲೆಕ್ಕ, ಹಳ್ಳಿ ಹೆಂಗಸರ ಹಾಡು ಎಲ್ಲವನ್ನೂ ತಂದು ನಮ್ಮ ಟೇಬಲ್ಲಿಗೆ ಸುರಿಯತೊಡಗಿದರು. ಅವಕ್ಕೆ ಮುಖಪುಟ ಎಲ್ಲಿಂದ ಬರಬೇಕು? ನಾನು ಗೊಣಗಿದೆ. ನೀನು ಹೊರಟೇಬಿಟ್ಟೆ. ಜಾನಪದ ವಿಭಾಗದ ಮೇಡಂ ನಾಗಮಂಗಲ ತಾಲ್ಲೂಕಿನಲ್ಲಿ ಸೋಬಾನೆ ಪದ ರೆಕಾರ್ಡು ಮಾಡಲು ಹೋದಾಗ, "ಎಲ್ಲಾ ಮುಗುದ್ಮೇಲೆ ಚೀಟಿ ಅಂಟ್ಸು ಅಂದ್ರೆ ಎಂಗೆ ಮೇಡಂ? ಮೊದ್ಲೇ ಕರ್ಕೊಂಡೋಗಿ" ಎಂದು ವ್ಯಾನು ಹತ್ತಿದೆ. ಬಿಂಡಿಗನವಿಲೆಯ ಧೂಳು ತುಂಬಿದ ಚಪ್ಪಲಿಯಲ್ಲಿ ವಾಪಸು ಬಂದೆ. ಲೈಬ್ರರಿಯವನಿಗೆ ಊರೂರು ತಿರುಗುವ ಕೆಲಸವೇನು ಎಂದು ನಾನು ನಕ್ಕಿದ್ದೆ, ನೀನೂ ನಕ್ಕಿದ್ದೆ.

ನೀನು ಹೋದಮೇಲೆ ಹೊಸ ತಂತ್ರಾಂಶ ಬಂತು. ಹಳೆಯ ವಿವರಗಳನ್ನೆಲ್ಲ ತಾನೇ ಓದಿಕೊಂಡು, ತಾನೇ ತಿದ್ದಿ, ಪ್ರತಿ ಹಾಡಿಗೂ ಚೆಂದದ ನಾಲ್ಕು ಸಾಲು ಪರಿಚಯ ಬರೆದು ಕೂರಿಸುತ್ತದೆ. ನಮ್ಮ ವಿಭಾಗದ ಬೋರ್ಡೂ ಬದಲಾಯಿತು, "ಸಂಶೋಧನಾ ದತ್ತಾಂಶ ಸೇವೆ" ಅಂತೆ. ಸೇವೆ ಮಾಡುವವನು ನಾನೊಬ್ಬನೇ. "ಎಲ್ಲಾ ಅದೇ ಮಾಡುತ್ತೆ ಕೃಷ್ಣೇಗೌಡ್ರೇ, ನೀವು ಸುಮ್ನೆ ಒಂದು ಕಣ್ಣು ಹಾಯಿಸಿ" ಎಂದರು ಮೇಲಿನ ಸಾಹೇಬರು. ಕಣ್ಣು ಹಾಯಿಸಲು ಒಬ್ಬ ಬೇಕೇ ಎಂಬ ಮಾತು ಮುಂದಿನ ಮೀಟಿಂಗಿನಲ್ಲಿ ಬರುತ್ತದೆಂದು ಕ್ಯಾಂಟೀನಿನಲ್ಲಿ ಎಲ್ಲರೂ ಆಡಿಕೊಳ್ಳುತ್ತಿದ್ದಾರೆ.

ಇಷ್ಟರಲ್ಲಿ ಒಂದು ದಿನ ಜಯಮ್ಮ ಬಂದಳು. ಬಿಂಡಿಗನವಿಲೆಯವಳು. ಎರಡು ಬಸ್ಸು ಬದಲಾಯಿಸಿ, ಗೇಟಿನಲ್ಲಿ ಜಗಳವಾಡಿ ಒಳಗೆ ಬಂದಿದ್ದಳು. "ಸಾ, ನಮ್ಮವ್ವನ ಪದ ನಿಮ್ತಾವ ಐತಂತೆ. ಮುಂದಿನ್ ತಿಂಗ್ಳು ನನ್ ಮಗ್ಳ ಮದ್ವೆ. ಊರ್ ಮದ್ವೇಲೆಲ್ಲ ಅವ್ವನೇ ಸೋಬಾನೆ ಏಳೋಳು. ಮೊಮ್ಮಗಳ ಮದ್ವೆಗೆ ಅವ್ಳೇ ಇಲ್ಲ. ಪೋನಲ್ಲಾದ್ರೂ ಏಳುಸ್ಬೇಕು ಸಾ," ಎಂದಳು. ಕೈಯಲ್ಲಿ ಲಗ್ನಪತ್ರಿಕೆ ಇತ್ತು. ನನಗೂ ಒಂದು ಕೊಟ್ಟಳು. ಅವ್ವನ ಹೆಸರು ಕೇಳಿದೆ, ಹೇಳಿದಳು. ಆ ಹೆಸರನ್ನು ಇಲ್ಲಿ ನಾನು ಬರೆಯುವುದಿಲ್ಲ. ಯಾಕೆಂದು ನಿನಗೆ ಗೊತ್ತು, ನನಗೆ ಆಗ ಗೊತ್ತಿರಲಿಲ್ಲ.

ಹುಡುಕಿದೆ. ಅಂಥ ಹೆಸರಿನವರು ಯಾರೂ ಇಲ್ಲ ಎಂದಿತು ಯಂತ್ರ. ಬೇರೆ ಬೇರೆ ಥರ ಬರೆದು ನೋಡಿದೆ, ಇಲ್ಲ. ಜಯಮ್ಮನ ಮುಖ ಸಣ್ಣದಾಯಿತು. "ಅವ್ವ ಜಗ್ಲಿ ಮ್ಯಾಲ್ ಕುಂತ್ಕೊಂಡು ಏಳಿದ್ದ ನಾನೇ ಕಂಡಿವ್ನಿ. ಇಲ್ಲ ಅಂದ್ರೆ ಏನ್ ಸಾ, ನಮ್ಮವ್ವ ಇರ್ಲೇ ಇಲ್ವಾ?" ಕೊನೆಗೆ, ಊರಿನಲ್ಲಿ ಅವರನ್ನು ಏನೆಂದು ಕರೆಯುತ್ತಿದ್ದರು ಎಂದು ಕೇಳಿದೆ. "ಇನ್ನೇನಂದಾರು? ಬೋರಣ್ಣನ ಅವ್ವ ಅನ್ನೋರು. ನಮ್ಮಣ್ಣ ಬೋರಣ್ಣ." ನಮ್ಮ ಕಡೆ ಮೊದಲ ಮಗು ಹುಟ್ಟಿದ ಮೇಲೆ ಹೆಂಗಸಿನ ಹೆಸರು ಯಾರ ಬಾಯಲ್ಲಿ ಉಳಿಯುತ್ತದೆ? ನಮ್ಮವ್ವನೂ ಊರಿಗೆಲ್ಲ ಕೃಷ್ಣನ ಅವ್ವನೇ.

ಬೋರಣ್ಣ ಎಂದು ಹಾಕಿದ ಕೂಡಲೇ ಬಂತು. ಹಾಡಿದವರು: ಬೋರಣ್ಣ. ಕೆಳಗೆ ಯಂತ್ರದ ಪರಿಚಯ: "ಬೋರಣ್ಣನವರು ಬಿಂಡಿಗನವಿಲೆಯ ಹಿರಿಯ ಸೋಬಾನೆ ಗಾಯಕರು." ಓದಿ ಹೇಳಿದೆ. ಜಯಮ್ಮ ಸೆರಗು ಬಾಯಿಗೆ ಒತ್ತಿ ನಕ್ಕುಬಿಟ್ಟಳು. "ಅವ್ನಾ? ಬಸ್ಸಲ್ಲಿ ಟಿಕೀಟು ಕೇಳಕ್ಕೂ ಬಾಯ್ ಬುಡಲ್ಲ ಸಾ ಅವ್ನು!" ನಗುತ್ತಾ ನಗುತ್ತಾ ಕಣ್ಣು ಒರೆಸಿಕೊಂಡಳು. ನೀನು ತುಂಬಿಸಿದ್ದ ಹಳೆಯ ವಿವರ ತೆಗೆದು ನೋಡಿದೆ. "ಬೋರಣ್ಣನ ತಾಯಿ" ಎಂದು ನೀನು ಬರೆದಿದ್ದೆ. ಯಂತ್ರ ಬೋರಣ್ಣನನ್ನು ಇಟ್ಟುಕೊಂಡು ತಾಯಿಯನ್ನು ಬಿಟ್ಟಿತ್ತು.

ನನಗೆ ಸಿಟ್ಟು ನೆತ್ತಿಗೇರಿತು. ಯಂತ್ರದ ಮೇಲಲ್ಲ, ನಿನ್ನ ಮೇಲೆ. ಮೊದಲೇ ಹೋಗಬೇಕು ಎಂದು ವ್ಯಾನು ಹತ್ತಿದವನು, ಅಷ್ಟು ದೂರ ಹೋಗಿ ಆಕೆಯ ಹೆಸರು ಕೇಳದೆ ಬಂದೆಯಾ? ಅದನ್ನೇ ಬೈದುಕೊಳ್ಳುತ್ತಾ ಹಾಡು ಹಾಕಿದೆ.

ಜಯಮ್ಮ ಟೇಬಲ್ಲಿನ ಅಂಚು ಹಿಡಿದು ನಿಂತೇ ಕೇಳಿದಳು. ಹಾಡು ಮುಗಿಯಿತು. ನಿಲ್ಲಿಸಲು ಕೈ ಹಾಕಿದ್ದೆ, ಅಷ್ಟರಲ್ಲಿ ನಿನ್ನ ದನಿ ಬಂತು. ನೀನು ಹೋದ ದಿನದಿಂದ ಕೇಳಿರಲಿಲ್ಲವಲ್ಲ, ನನ್ನ ಕೈ ಅಲ್ಲೇ ನಿಂತುಬಿಟ್ಟಿತು.

"ಅವ್ವಾ, ನಿನ್ನೆಸ್ರು ಏಳ್ಲಿಲ್ವಲ್ಲ?"

"ಬೋರಣ್ಣನ ಅವ್ವ ಅಂತ ಆಗ್ಲೇ ಏಳುದ್ನಲ್ಲಪ್ಪ."

"ಅದು ನಿನ್ ಮಗನೆಸ್ರು ಕಣವ್ವ. ನಿಂದೇಳು."

"ಅಯ್ಯೋ, ನಂದ್ಯಾರ್ ಕೇಳವ್ರೆ ಇಲ್ಲೀಗಂಟ..." ಎಂದು ನಕ್ಕಳು ಮುದುಕಿ. ಹಿಂದೆ ಕೋಳಿಯ ಸದ್ದು. ಆಮೇಲೆ ದನಿ ತಗ್ಗಿಸಿ ಹೆಸರು ಹೇಳಿದಳು. "ನೀನ್ ಕೇಳ್ದೆ ಅಂತ ಏಳಿವ್ನಿ. ಬರ್ದುಗಿರ್ದು ಊರ್ಗೆಲ್ಲ ತೋರುಸ್ಬ್ಯಾಡ."

"ಬರ್ಯಲ್ಲ ಬುಡವ್ವ. ನಾನಿರೋಗಂಟ ಬರ್ಯಲ್ಲ."

ಬೈದದ್ದನ್ನೆಲ್ಲ ವಾಪಸು ತೆಗೆದುಕೊಂಡಿದ್ದೇನೆ, ಆಯಿತಾ? ಆದರೆ ನನ್ನನ್ನು ಎಂಥ ಇಕ್ಕಟ್ಟಿನಲ್ಲಿ ಬಿಟ್ಟುಹೋದೆ ನೋಡು. ನಾನಿರುವವರೆಗೆ ಅಂದೆ. ನೀನಿಲ್ಲ. ಹಾಗಾದರೆ ಮಾತು ಮುಗಿಯಿತೇ? ಹೆಸರು ಹಾಕಿದರೆ ನಾಳೆ ಮೊಮ್ಮಕ್ಕಳಿಗೆ ಆಕೆ ಸಿಗುತ್ತಾಳೆ, ಆಕೆಗೆ ಕೊಟ್ಟ ಮಾತು ಹೋಗುತ್ತದೆ. ಹಾಕದಿದ್ದರೆ ಮಾತು ಉಳಿಯುತ್ತದೆ, ಆಕೆಯೇ... ಇದನ್ನು ನಮಗೆ ಯಾವ ತರಬೇತಿಯಲ್ಲಿ ಹೇಳಿಕೊಟ್ಟಿದ್ದರು? ಜಯಮ್ಮನನ್ನೇ ಕೇಳಿದೆ. "ಅವ್ವ ಬ್ಯಾಡ ಅಂದವ್ಳೆ. ಬ್ಯಾಡ ಬುಡಿ. ಆದ್ರೆ ಬೋರಣ್ಣನ ಅವ್ವ ಅಂತ ಆಕಿ ಸಾ. ಅವ್ವ ಅನ್ನೋದ ಬುಟ್ಬುಡ್ಬ್ಯಾಡಿ."

ಹಾಗೆ ಹಾಕುವುದೇ ದೊಡ್ಡ ಯುದ್ಧವಾಯಿತು. ಹೆಸರು ಹೇಳಿಯೂ ಬರೆಯಬೇಡಿ ಎಂದವರಿಗೆ ಹೊಸ ತಂತ್ರಾಂಶದಲ್ಲಿ ಜಾಗವಿಲ್ಲ. "ಇಷ್ಟೆಲ್ಲ ಬೇಕೇನ್ರೀ?" ಎಂದರು ಸಾಹೇಬರು. ಬೇಕು ಎಂದೆ, ಸ್ವಲ್ಪ ಜೋರಾಗಿಯೇ ಅಂದೆ ಅನ್ನಿಸುತ್ತದೆ. ಜಾನಪದದ ಮೇಡಂ ಬಂದು ನನ್ನ ಪಕ್ಕ ನಿಂತು, ಅದಿಲ್ಲದೆ ಇನ್ನು ಮುಂದೆ ತಮ್ಮ ರೆಕಾರ್ಡು ಕೊಡುವುದಿಲ್ಲ ಎಂದರು. ಈಗ ಹೀಗಿದೆ. ಹಾಡಿದವರು: ಬೋರಣ್ಣನ ಅವ್ವ. ಹೆಸರು: ಹೇಳಿದ್ದಾರೆ, ಬರೆಯಬೇಡಿ ಎಂದಿದ್ದಾರೆ. ಕೇಳಿದವರು: ಪುಟ್ಟಸ್ವಾಮಿ. ಒಂದು ಹಾಡು ಸರಿಯಾಯಿತು. ಉಳಿದವುಗಳಲ್ಲಿ ಇನ್ನೆಷ್ಟು ಅವ್ವಂದಿರು ಮಗನ ಹೆಸರಿನಲ್ಲಿ ಹೂತುಹೋಗಿದ್ದಾರೋ, ಮುಂದಿನ ಮೀಟಿಂಗಾದ ಮೇಲೆ ಅವರನ್ನು ಹುಡುಕಲು ನಾನು ನನ್ನ ಕುರ್ಚಿಯಲ್ಲಿ ಇರುತ್ತೇನೋ ಇಲ್ಲವೋ. ನಿದ್ದೆ ಸರಿಯಾಗಿ ಬರುತ್ತಿಲ್ಲ ಕಣೋ. ನಿನ್ನ ಹೆಂಡತಿಗೆ ಆ ದನಿ ಇನ್ನೂ ಕೇಳಿಸಿಲ್ಲ. ಹೋಗಬೇಕು ಅಂದುಕೊಂಡು ಪಾಂಡವಪುರದ ಬಸ್ಸು ಹತ್ತುತ್ತೇನೆ, ನಿಮ್ಮ ಬೀದಿಯ ತಿರುವಿನಿಂದಲೇ ವಾಪಸು ಬರುತ್ತೇನೆ.

ಮದುವೆಗೆ ಹೋಗಿದ್ದೆ, ನಾಗಮಂಗಲದ ಛತ್ರಕ್ಕೆ. ಜಯಮ್ಮನಿಗೆ ಕೊಟ್ಟ ಪ್ರತಿಯಲ್ಲಿ ಅವ್ವ ಹೆಸರು ಹೇಳುವುದನ್ನು ತೆಗೆದಿದ್ದೆ. ನಿನ್ನ ದನಿ ತೆಗೆಯಲು ಮಾತ್ರ ಕೈ ಬರಲಿಲ್ಲ, "ನಿಂದೇಳು" ಎಂಬಲ್ಲಿಗೆ ನಿಲ್ಲಿಸಿದ್ದೆ. ಹೆಣ್ಣಿಗೆ ಅರಿಸಿನ ಹಚ್ಚುವಾಗ ಮೈಕಿಗೆ ಫೋನು ಹಿಡಿದರು. ಸೋಬಾನೆ ಮುಗಿಯಿತು. ಕಂಬಕ್ಕೊರಗಿ ನಿಂತಿದ್ದ ಬೋರಣ್ಣ ಟವಲಿನಲ್ಲಿ ಮುಖ ಮುಚ್ಚಿಕೊಂಡ. ಅಷ್ಟರಲ್ಲಿ ಛತ್ರದ ತುಂಬ ನೀನು ಕೇಳಿದೆ: "ಅದು ನಿನ್ ಮಗನೆಸ್ರು ಕಣವ್ವ. ನಿಂದೇಳು." ಆಮೇಲೆ ಚಾಪೆಯ ಮೇಲೆ ಕೂತಿದ್ದ ಮುದುಕಿಯೊಬ್ಬಳು ತನ್ನನ್ನೇ ಕೇಳಿದರೆಂದುಕೊಂಡು, "ನಿಂಗಮ್ಮ ಕಣಪ್ಪಾ!" ಎಂದು ಕೂಗಿದಳು. ಗೊಳ್ಳೆಂದು ನಗು. ಪಕ್ಕದವಳು, "ನಂದು ಚಿಕ್ಕತಾಯಮ್ಮ!" ಎಂದಳು. ಅದರ ಹಿಂದೆ ಇನ್ನೊಬ್ಬಳು.

ಬರುವ ಭಾನುವಾರ ಬಿಂಡಿಗನವಿಲೆಗೆ ಹೋಗುತ್ತಿದ್ದೇನೆ, ಮೇಡಂ ಜೊತೆ, ನಿನ್ನಂತೆಯೇ ವ್ಯಾನು ಹತ್ತಿ. ಕುರ್ಚಿ ಉಳಿದರೂ ಹೋದರೂ ಹೋಗುತ್ತೇನೆ. ಹೆಸರು ಕೇಳುತ್ತೇನೆ, ಬರೆಯಬಹುದೇ ಎಂದೂ ಕೇಳುತ್ತೇನೆ. ಈ ಮಾತು ನಾನಿರುವವರೆಗೆ.

ಮದುವೆಯ ದಿನ ಊಟದ ಪಂಕ್ತಿಯಲ್ಲಿ ನಿಂಗಮ್ಮ ನನ್ನ ತೋಳು ಹಿಡಿದು ನಿಲ್ಲಿಸಿದಳು. "ಎಸ್ರು ಕೇಳ್ದನಲ್ಲಪ್ಪ, ಆ ಉಡ್ಗ ಎಲ್ಲವ್ನೆ? ಕರಿ, ಉಣ್ಲಿ." ಹಿಂದೆ ಬರ್ತಾವ್ನೆ ಅವ್ವ ಎಂದುಬಿಟ್ಟೆ. ಆಕೆ ನನ್ನ ಪಕ್ಕದಲ್ಲಿ ನಿನಗೊಂದು ಎಲೆ ಹಾಕಿಸಿದಳು.

ನಿನ್ನ,
ಕೃಷ್ಣೇಗೌಡ