ಕೇಳಿಸಿತು ಅಂದೆ

ಸೋಮವಾರ, ೪
ಅಕ್ಷರ ಕೋಳಿ ಕೆದರಿದ ಹಾಗಿದೆ. ತಪ್ಪುಗಳೂ ಇರುತ್ತವೆ. ಕ್ಷಮಿಸು ಪುಸ್ತಕವೇ, ಐದನೇ ಕ್ಲಾಸಿಗೆ ನಿಂತ ಕೈ ಇದು.

ಟ್ರೈನಿಂಗಿನ ಎರಡನೇ ದಿನ. ಹಾಸ್ಟೆಲ್ ಕೋಣೆಯಲ್ಲಿ ಆರು ಮಂಚ. ದ್ವೀಪದಿಂದ ಬಂದವಳು ನಾನೊಬ್ಬಳೇ. ತಿಂಗಳ ಕೊನೆಗೆ ನಮ್ಮ ಕ್ಲಿನಿಕ್ಕಿನ ಸಿಸ್ಟರ್‌ಗೆ ವರ್ಗ. ಬೇರೆಯವರು ಬರುವ ತನಕ ನಾನೇ ನೋಡಿಕೊಳ್ಳಬೇಕಂತೆ. ಇಲ್ಲಿಯವರೆಗೆ ನೆಲ ಒರೆಸಿ, ಚೀಟಿ ಕೊಟ್ಟವಳು ನಾನು!

ಇವತ್ತು ಬಿಪಿ. ಎಲ್ಲರಿಗೂ ಒಂದೊಂದು ಸ್ಟೆತಸ್ಕೋಪ್ ಕೊಟ್ಟರು, ಊರಿಗೂ ಒಯ್ಯಬಹುದಂತೆ. ತೋಳಿಗೆ ಪಟ್ಟಿ ಸುತ್ತಿ, ಗಾಳಿ ತುಂಬಿ, ನಿಧಾನಕ್ಕೆ ಬಿಡಬೇಕು. ಸ್ಟೆತಸ್ಕೋಪಿನಲ್ಲಿ ಡಬ್ ಡಬ್ ಶುರುವಾದಾಗ ಮೇಲಿನ ನಂಬರು, ನಿಂತಾಗ ಕೆಳಗಿನದು. ಎಲ್ಲರಿಗೂ ಕೇಳಿಸಿತು. ನನಗೆ ಏನೂ ಇಲ್ಲ. ಹತ್ತಿ ತುರುಕಿದ ಹಾಗೆ.

"ಕೇಳಿಸ್ತೇನಮ್ಮಾ?" ಕಲಿಸುವ ಮೇಡಂ ಕೇಳಿದರು.

ಇಪ್ಪತ್ತು ಜನ ನನ್ನನ್ನೇ ನೋಡುತ್ತಿದ್ದರು. ಕೇಳಿಸಿತು ಅಂದೆ. ಮೀಟರಿನ ಮುಳ್ಳು ಕುಣಿದ ಕಡೆ ನೋಡಿ ನೂರಿಪ್ಪತ್ತು, ಎಂಬತ್ತು ಅಂದೆ.

"ಕರೆಕ್ಟ್!" ಚಪ್ಪಾಳೆ ಬೇರೆ.

ಶನಿವಾರ, ೯
ಸರ್ಟಿಫಿಕೇಟ್ ಸಿಕ್ಕಿತು. "ಮಾತು ಕಡಿಮೆ, ಕೈ ಚುರುಕು" ಅಂದರು ಮೇಡಂ. ನಿಜ ಹೇಳಿಬಿಡೋಣ ಅಂತ ಬಾಯಿ ತೆರೆದೆ. ಫೋಟೋ ತೆಗೆಯುವವನು "ಸ್ವಲ್ಪ ನಗಮ್ಮಾ" ಅಂದ. ನಕ್ಕೆ.

ಕಿವಿ ಕೆಟ್ಟಿದೆಯಾ? ಇಲಿ ಓಡಾಡಿದರೂ ಎಚ್ಚರವಾಗುತ್ತದಲ್ಲ...

ಬುಧವಾರ, ೨೦
ಅತ್ತಿಗೆಗೆ ಎಂಟು ತಿಂಗಳು. ಕಾಲು ಊದಿದೆ. ಬೆಳಿಗ್ಗೆಯಿಂದ ತಲೆ ಸಿಡಿಯುತ್ತಿದೆ ಅಂದಳು. ಅಣ್ಣನೇ ಕ್ಲಿನಿಕ್ಕಿಗೆ ಕರೆತಂದ.

"ನೋಡೋಣ, ನಮ್ಮ ಮನೆ ಡಾಕ್ಟ್ರಮ್ಮ ಎಷ್ಟು ಹೇಳ್ತಾಳೋ."

ಪಟ್ಟಿ ಸುತ್ತಿದೆ. ಗಾಳಿ ಬಿಟ್ಟೆ. ಮತ್ತೆ ಅದೇ ಹತ್ತಿ. ಸಿಸ್ಟರ್ ಒಳಕೋಣೆಯಲ್ಲಿ ಪೆಟ್ಟಿಗೆ ಕಟ್ಟುತ್ತಿದ್ದರು. "ಎಷ್ಟೇ?" ಅಂತ ಅಲ್ಲಿಂದಲೇ ಕೂಗಿದರು.

"ನೂರಿಪ್ಪತ್ತು, ಎಂಬತ್ತು."

"ಹಾಗಾದ್ರೆ ಗಾಬರಿ ಇಲ್ಲ. ಮಲಗಿರ್ಲಿ."

ಕಾರ್ಡಿನಲ್ಲೂ ಅದನ್ನೇ ಬರೆದೆ. ಮುಳ್ಳು ಎಲ್ಲಿ ಕುಣಿಯಿತೋ ಈ ಸಲ ಅದನ್ನೂ ನೋಡಿರಲಿಲ್ಲ.

ಅದೇ ದಿನ, ಸಂಜೆ ೬
ಅತ್ತಿಗೆಯ ತಲೆನೋವು ಇಳಿಯಲಿಲ್ಲ. ಸಿಸ್ಟರ್ ಮನೆಗೆ ಓಡಿದೆ. ಎಲ್ಲ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ನನ್ನ ಸ್ಟೆತಸ್ಕೋಪಿನ ಬಿಲ್ಲೆಯನ್ನು ಉಗುರಿನಿಂದ ತಟ್ಟಿ ಕೇಳಿದರು. ಅರ್ಧ ಸುತ್ತು ತಿರುಗಿಸಿದರು. ಟಕ್.

"ಇದಕ್ಕೆ ಎರಡು ಮುಖ ಕಣೇ. ಒಂದು ಸಲಕ್ಕೆ ಒಂದರಲ್ಲೇ ಕೇಳಿಸೋದು. ನಿಂದು ಇನ್ನೊಂದು ಮುಖಕ್ಕೆ ತಿರುಗಿತ್ತು."

"ಇಷ್ಟೇನಾ?"

"ಇಷ್ಟೇ. ಅಲ್ಲೇ ಒಂದು ಮಾತು ಕೇಳಿದ್ರೆ ನಿನ್ನ ಬಾಯಲ್ಲಿನ ಮುತ್ತು ಉದುರಿಹೋಗ್ತಿತ್ತಾ?"

ಇಬ್ಬರೂ ನಮ್ಮ ಮನೆಗೆ ಬಂದೆವು. ಅತ್ತಿಗೆಯ ಬಿಪಿ ನನ್ನ ಕೈಯಲ್ಲೇ ನೋಡಿಸಿದರು. ಡಬ್ ಡಬ್ — ಬಾಗಿಲು ಬಡಿದ ಹಾಗೆ. ನೂರ ಎಪ್ಪತ್ತು, ನೂರ ಹತ್ತು. ಸಿಸ್ಟರ್ ನೋಡಿದಾಗಲೂ ಅಷ್ಟೇ.

"ಈಗಲೇ ಆಸ್ಪತ್ರೆಗೆ ಹೋಗ್ಬೇಕು, ನಾಳೆಯ ಬೋಟು ಕಾಯೋದು ಬೇಡ. ಮೀನಿನ ದೋಣಿಯವನನ್ನ ಕರಿ. ನಾನೂ ಹೋಗ್ತೀನಿ."

ಅತ್ತಿಗೆ ನನ್ನ ಕೈ ಹಿಡಿದಳು. "ಬೆಳಿಗ್ಗೆ ಎಲ್ಲ ಸರಿ ಇದೆ ಅಂದ್ಯಲ್ಲೇ?"

"ಸುಳ್ಳು ಹೇಳಿದ್ದೆ ಅತ್ತಿಗೆ."

ಕೈ ಬಿಟ್ಟಳು.

ಅಣ್ಣನೂ ಹತ್ತಿದ. ದೋಣಿ ಹೋಯಿತು. ನಾನು ದಡದಲ್ಲೇ ಉಳಿದೆ.

ಶನಿವಾರ, ೨೩
ಅಣ್ಣ ನಿನ್ನೆ ಫೋನ್ ಮಾಡಿದ್ದ. ಆಪರೇಷನ್ ಮಾಡಿ ಮಗು ತೆಗೆದರಂತೆ. ಹೆಣ್ಣು. ಅಂಗೈ ಅಗಲ ಇದೆಯಂತೆ, ಉಸಿರಾಡುತ್ತಿದೆಯಂತೆ. ಅತ್ತಿಗೆಗೆ ಬಿಪಿ ಇನ್ನೂ ಪೂರ್ತಿ ಇಳಿದಿಲ್ಲ.

"ಇನ್ನೊಂದು ರಾತ್ರಿ ಕಳೆದಿದ್ರೆ ಕಷ್ಟ ಇತ್ತು ಅಂದ್ರು ಡಾಕ್ಟ್ರು. ಬೆಳಿಗ್ಗೆಯೇ ಬಂದಿದ್ರೆ ಒಳ್ಳೇದಿತ್ತು ಅಂತಲೂ ಅಂದ್ರು." ಆಮೇಲೆ ಫೋನ್ ಇಟ್ಟ. ನನ್ನನ್ನು ಹೊಗಳಬೇಕೋ ಬೈಯಬೇಕೋ ಅವನಿಗೂ ಗೊತ್ತಾಗಲಿಲ್ಲ ಅನ್ನಿಸುತ್ತದೆ.

ನನಗೂ ಗೊತ್ತಿಲ್ಲ. ಸುಳ್ಳಿಗೆ ಚಪ್ಪಾಳೆ ಬಿತ್ತು. ನಿಜಕ್ಕೆ ಅತ್ತಿಗೆ ಕೈ ಬಿಟ್ಟಳು. ಗೋಡೆಯ ಸರ್ಟಿಫಿಕೇಟ್ ತೆಗೆದೆ. ಮತ್ತೆ ಹಾಕಿದೆ. ಈಗ ಮೇಜಿನ ಮೇಲಿದೆ, ಬೋರಲಾಗಿ.

ಸಿಸ್ಟರ್ ಇನ್ನೂ ಆಸ್ಪತ್ರೆಯಲ್ಲೇ. ಬೆಳಿಗ್ಗೆ ಕ್ಲಿನಿಕ್ ತೆರೆದವಳು ನಾನೇ. ಬಲೆ ಹೆಣೆಯುವ ಅಜ್ಜ ಮೊದಲು ಬಂದು ಕೂತಿದ್ದ. ಬಿಲ್ಲೆ ತಿರುಗಿಸಿದೆ, ತಟ್ಟಿ ನೋಡಿದೆ. ಪಟ್ಟಿ ಸುತ್ತಿದೆ. ಅಷ್ಟರಲ್ಲಿ ಹೊರಗೆ ಯಾರದೋ ದೋಣಿಯ ಇಂಜಿನ್ ಶುರುವಾಯಿತು.

"ಎಷ್ಟಿದೆ ಮಗಾ?"

ಬೆಂಚಿನ ಮೇಲೆ ಆರು ಜನ, ಎಲ್ಲರ ಕಣ್ಣೂ ನನ್ನ ಮೇಲೆ.

"ಕೇಳಿಸಲಿಲ್ಲ ಅಜ್ಜ" ಅಂದೆ, ಜೋರಾಗಿಯೇ. ಎದ್ದು ಹೋಗಿ ಕಿಟಕಿ ಹಾಕಿದೆ. ವಾಪಸ್ ಬಂದು ಪಟ್ಟಿ ಸಡಿಲಿಸಿ, ಇನ್ನೊಮ್ಮೆ ಗಾಳಿ ತುಂಬಿದೆ.